ಶಿಫ್ಟ್ ಬದಲಾಗುವ ಮನೆಯಲ್ಲಿ ಓಟ

ನಮ್ಮ ಅಡುಗೆಮನೆ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರದ ಚೌಕದೊಳಗೆ ಕೆಂಪು ಪೆನ್ನಿನ ಒಂದು ಅಂಕಿ ಇರುತ್ತದೆ. 1 ಎಂದರೆ ಆ ವಾರ ನಮ್ಮನೆಯವರಿಗೆ ಫಸ್ಟ್ ಶಿಫ್ಟ್, ಬೆಳಗ್ಗೆ ಆರರಿಂದ ಎರಡು. 2 ಎಂದರೆ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. 3 ಎಂದರೆ ನೈಟ್. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವನ್ನು ನಂಬಿ ಬದುಕುವ ಮನೆಗಳಲ್ಲಿ ಅಡುಗೆ, ನಿದ್ದೆ, ಮಕ್ಕಳ ಹೋಂವರ್ಕು, ನೆಂಟರ ಮನೆಯ ಗೃಹಪ್ರವೇಶ ಎಲ್ಲವೂ ಈ ಅಂಕಿ ಹೇಳಿದಂತೆ ನಡೆಯುತ್ತವೆ. ನಾನು ತಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಟೀಚರ್. ದಿನಾ ಹೊಸೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮಗಳು ಎಂಟನೇ ಕ್ಲಾಸು, ಮಗ ಎರಡನೇ ಕ್ಲಾಸು, ಜೊತೆಗೆ ಅತ್ತೆ. ಇಪ್ಪತ್ತೆರಡು ವರ್ಷ ಬಿಟ್ಟಿದ್ದ ಓಟವನ್ನು 38ನೇ ವಯಸ್ಸಿನಲ್ಲಿ ಮತ್ತೆ ಹಿಡಿದೆ. ಈಗ ಮೂರು ವರ್ಷ ದಾಟಿತು. ದಿನಾ ಬೆಳಗ್ಗೆ ಐದಕ್ಕೆ ಏಳಿ ಎನ್ನುವ ಸಲಹೆ ನಮ್ಮಂಥ ಮನೆಗೆ ಒಗ್ಗುವುದಿಲ್ಲ. ಒಗ್ಗಿದ್ದು ಯಾವುದು ಎಂಬುದನ್ನು ಸ್ಟಾಫ್ ರೂಮಿನಲ್ಲಿ ಕೇಳುವ ಗೆಳತಿಯರಿಗೆ ಹೇಳುವ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

1. ಮನಸ್ಸಿಗೆ ಹಳೆಯ ಓಟ ನೆನಪಿರುತ್ತದೆ, ಎಲುಬಿಗೆ ಇರುವುದಿಲ್ಲ

ಡೆಂಕಣಿಕೋಟೆಯಲ್ಲಿ ಹೈಸ್ಕೂಲು ಓದುವಾಗ 800 ಮೀಟರ್ ಓಡುತ್ತಿದ್ದೆ. ಆಗ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿ ಧರ್ಮಪುರಿಗೆ ಬಸ್ಸಿನಲ್ಲಿ ಹೋಗಿ, ಬರಿಗಾಲಲ್ಲಿ ಓಡಿ, ನಾಲ್ಕನೆಯವಳಾಗಿ ಬಂದಿದ್ದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಓಟ ನಿಂತಿತು. ಯಾರೂ ನಿಲ್ಲಿಸು ಎನ್ನಲಿಲ್ಲ, ಯಾರೂ ಓಡು ಎಂದೂ ಹೇಳಲಿಲ್ಲ.

2022ರ ಜೂನ್‌ನಲ್ಲಿ ಮತ್ತೆ ಓಡಲು ಹೊರಟಾಗ ಆ ಹುಡುಗಿಯೇ ನನ್ನೊಳಗೆ ಲೆಕ್ಕ ಹಾಕುತ್ತಿದ್ದಳು. ಮೊದಲ ದಿನವೇ ನಿಲ್ಲದೆ ಎರಡು ಕಿಲೋಮೀಟರ್. ದಮ್ಮು ಕಟ್ಟಿತು, ಆದರೂ ಮುಗಿಸಿದೆ. ಎರಡು ವಾರ ಒಂದು ದಿನವೂ ಬಿಡದೆ ಓಡಿದೆ. ಉಸಿರಾಟ ಸಲೀಸಾಯಿತು ಎಂದು ಖುಷಿಪಡುವಷ್ಟರಲ್ಲಿ ಕಣಕಾಲಿನ ಒಳಮಗ್ಗುಲ ಎಲುಬಿನ ಉದ್ದಕ್ಕೂ ನೋವು ಶುರುವಾಯಿತು. ಬೆರಳಿಂದ ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಬೇಕಾಯಿತು. ಆರು ವಾರ ವಿಶ್ರಾಂತಿ ಎಂದುಕೊಂಡದ್ದು ಆರು ತಿಂಗಳಿಗೆ ಬೆಳೆಯಿತು.

ಆಮೇಲೆ ತಿಳಿದದ್ದು ಇಷ್ಟು. ಹೃದಯ, ಶ್ವಾಸಕೋಶ, ಮಾಂಸಖಂಡ ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಹಿಮ್ಮಡಿ ಮೇಲಿನ ಗಟ್ಟಿ ಹುರಿಯಂಥ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನಮ್ಮ ಮೈತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಉಸಿರು ಸುಧಾರಿಸಿದ ಮೂರನೇ, ನಾಲ್ಕನೇ ವಾರದಲ್ಲಿ ಇನ್ನಷ್ಟು ಓಡಬೇಕೆನಿಸುತ್ತದಲ್ಲ, ಕಾಲು ಕೆಡುವುದು ಆಗಲೇ. ಹಿಂದೆಂದೂ ಓಡದವರಿಗಿಂತ ಒಂದು ಕಾಲಕ್ಕೆ ಚೆನ್ನಾಗಿ ಓಡಿದವರಿಗೆ ಈ ಎಚ್ಚರಿಕೆ ಹೆಚ್ಚು ಬೇಕು.

2. ಹದಿಮೂರರ ಮಗ್ಗಿ ಹೇಳಲು ಬರುವಷ್ಟು ನಿಧಾನ

2023ರ ಜನವರಿಯಲ್ಲಿ ಸಂಕ್ರಾಂತಿ ರಜೆ ಮುಗಿದ ಮೇಲೆ ಎರಡನೇ ಸಲ ಶುರುಮಾಡಿದೆ. ಈ ಸಲ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸುತ್ತು, ವಾರಕ್ಕೆ ಮೂರೇ ದಿನ. ಎರಡು ಓಟದ ನಡುವೆ ಕನಿಷ್ಠ ಒಂದು ದಿನ ಬಿಡುವು. ಇದೇನೂ ನಾನು ಕಂಡುಹಿಡಿದದ್ದಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೆ, ಓಟದ ನಡುವೆ ನಡಿಗೆ ಸೇರಿಸಿ ಸಾಮಾನ್ಯ ಜನರನ್ನು ತಯಾರು ಮಾಡುವ ಕ್ರಮವನ್ನು ದಶಕಗಳ ಕಾಲ ಕಲಿಸಿದವರು. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬಾತ ಒಂಬತ್ತು ವಾರದಲ್ಲಿ ಐದು ಕಿಲೋಮೀಟರಿಗೆ ತಲುಪಿಸುವ ‘ಕೌಚ್ ಟು 5ಕೆ’ ಎಂಬ ಪಟ್ಟಿ ಮಾಡಿದರು; ಅದರ ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ನಾನು ಆ ಒಂಬತ್ತು ವಾರವನ್ನು ಇಪ್ಪತ್ತೊಂದು ವಾರಕ್ಕೆ ಹಿಗ್ಗಿಸಿಕೊಂಡೆ. ಯಾವ ವಾರ ಕಾಲು ಬಿಗಿಯಿತೋ ಅದೇ ವಾರವನ್ನು ಇನ್ನೊಮ್ಮೆ ಮಾಡಿದೆ.

ವೇಗಕ್ಕೆ ನನ್ನ ಅಳತೆ ಮಗ್ಗಿ. ಓಡುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ಮೈ ಕೇಳುವುದಕ್ಕಿಂತ ಜೋರಾಗಿ ಓಡುತ್ತಿದ್ದೀರಿ ಎಂದು ತರಬೇತುದಾರರು ಹೇಳುತ್ತಾರೆ. ಒಂಟಿಯಾಗಿ ಓಡುವ ನಾನು ಯಾರ ಜೊತೆ ಮಾತಾಡಲಿ? ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು ಎಂದು ಸಣ್ಣ ದನಿಯಲ್ಲಿ ಹೇಳುತ್ತಾ ಹೋಗುತ್ತೇನೆ. ಹದಿಮೂರೇಳ್ಲಿ ತೊಂಬತ್ತೊಂದು ಎನ್ನುವಷ್ಟರಲ್ಲಿ ಮಾತು ತುಂಡಾದರೆ ಅಂದು ವೇಗ ಹೆಚ್ಚಾಯಿತೆಂದು ಅರ್ಥ. ನಾನು ಕಲಿಸುವ ಮಕ್ಕಳನ್ನೂ ಈಗ ಆಟದ ಪಿರಿಯಡ್‌ನಲ್ಲಿ ಹೀಗೇ ಓಡಿಸುತ್ತೇನೆ. ಅವರಿಗೆ ಓಟವೂ ಬರುತ್ತದೆ, ಮಗ್ಗಿಯೂ ಬರುತ್ತದೆ.

3. ಓಟವನ್ನು ಗಡಿಯಾರಕ್ಕೆ ಕಟ್ಟಬೇಡಿ, ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ

ಶಿಫ್ಟ್ ಇರುವ ಮನೆಗಳಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ ಎಂದು ನಾನು ನಂಬಿದ್ದೇನೆ. ಫಸ್ಟ್ ಶಿಫ್ಟ್ ವಾರ ನಮ್ಮನೆಯವರು ಬೆಳಗ್ಗೆ ಐದೂ ಕಾಲಿಗೆ ಕಂಪನಿ ಬಸ್ಸು ಹತ್ತಬೇಕು. ಆ ವಾರ ನಾಲ್ಕೂವರೆಗೆ ಕಾಫಿ, ಡಬ್ಬಿ. ಅವರು ಹೋದ ಮೇಲೆ ಮಕ್ಕಳು ಮಲಗಿರುವಾಗ ನಾನು ಹೊರಗೆ ಹೋಗುವ ಹಾಗಿಲ್ಲ. ಸೆಕೆಂಡ್ ಶಿಫ್ಟ್ ವಾರ ಅವರು ಬೆಳಗ್ಗೆ ಮನೆಯಲ್ಲೇ ಇರುತ್ತಾರೆ. ನೈಟ್ ವಾರ ಅವರು ಮನೆ ಮುಟ್ಟುವುದೇ ಆರೂ ಮುಕ್ಕಾಲಿಗೆ. ಬಂದವರಿಗೆ ತಿಂಡಿ ಕೊಟ್ಟು, ಮಕ್ಕಳನ್ನು ಹೊರಡಿಸಿ, ನಾನು ಏಳೂ ಮುಕ್ಕಾಲಿಗೆ ಬಸ್ ಸ್ಟ್ಯಾಂಡಿನಲ್ಲಿರಬೇಕು. ಮೂರು ವಾರದಲ್ಲಿ ಮೂರು ಬಗೆಯ ಬೆಳಗು. ಮೊದಲ ವರ್ಷ ಬೆಳಗ್ಗೆ ಐದೂವರೆ ಎಂದು ಅಲಾರಂ ಇಟ್ಟು ಮೂರು ವಾರದಲ್ಲಿ ಎರಡು ವಾರ ಸೋಲುತ್ತಿದ್ದೆ, ಸೋತದ್ದು ನನ್ನ ಸೋಮಾರಿತನದಿಂದ ಎಂದು ಕೊರಗುತ್ತಿದ್ದೆ.

ಈಗ ಓಟ ಮೂರು ಗಂಟಿಗೆ ಕಟ್ಟಿಕೊಂಡಿದೆ. ಸೆಕೆಂಡ್ ಶಿಫ್ಟ್ ವಾರ: ಹಾಲಿನವರು ಹಾಲು ಹಾಕಿ ಹೋದ ಕೂಡಲೇ ಶೂ ಕಟ್ಟುತ್ತೇನೆ. ಫಸ್ಟ್ ಶಿಫ್ಟ್ ವಾರ: ಅವರು ಮಧ್ಯಾಹ್ನ ಬಂದು ಮಲಗಿ ಎದ್ದಿರುತ್ತಾರೆ, ನಾನು ಸಂಜೆ ಮನೆಗೆ ಬಂದು ಚೀಲ ಇಟ್ಟು, ಮಕ್ಕಳ ಮುಖ ನೋಡಿ, ಕೂರದೆ ಹಾಗೇ ಹೊರಡುತ್ತೇನೆ. ಒಮ್ಮೆ ಕೂತರೆ ಏಳಲಾಗುವುದಿಲ್ಲ. ಈ ವಾರದ ಗುಟ್ಟೆಲ್ಲ ಆ ಕೂರದಿರುವುದರಲ್ಲೇ ಇದೆ. ನೈಟ್ ವಾರ: ಶೂ ಶಾಲೆಗೇ ಬರುತ್ತದೆ. ಕೊನೆಯ ಬೆಲ್ ಆಗಿ ಮಕ್ಕಳು ಹೋದ ಮೇಲೆ ನಾನು ಹತ್ತುವ ಬಸ್ಸಿಗೆ ಅರ್ಧ ಗಂಟೆ ಇರುತ್ತದೆ, ಶಾಲೆಯ ಮೈದಾನದಲ್ಲೇ ಇಪ್ಪತ್ತೈದು ನಿಮಿಷ.

ಹಾಲು, ಚೀಲ, ಬೆಲ್. ಈ ಮೂರೂ ನನ್ನ ಮನಸ್ಸು ಸರಿಯಿರಲಿ ಇಲ್ಲದಿರಲಿ ನಡೆದೇ ನಡೆಯುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜನ ಹೊಸ ಅಭ್ಯಾಸವನ್ನು ದಿನವೂ ನಡೆಯುವ ಯಾವುದಾದರೂ ಒಂದಕ್ಕೆ, ತಿಂಡಿ ಆದ ಮೇಲೆ ಎಂಬಂತೆ, ಸೇರಿಸಿಕೊಂಡಿದ್ದರು. ಅದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನ ಎಂಬ ಅಂದಾಜು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತು ಕೇಳಿ ನಿರಾಶರಾದವರು ಈ 254ನ್ನು ನೆನಪಿಟ್ಟುಕೊಳ್ಳಿ. ನನಗೆ ಹೆಚ್ಚುಕಡಿಮೆ ಎಂಟು ತಿಂಗಳು ಬೇಕಾಯಿತು.

4. ತಾಯಿಗೆ ಸಮಯ ಸಿಗುವುದಿಲ್ಲ, ಮನೆಯವರು ಕೊಡಬೇಕು

ನಾನು ಓಡುವ ಅರ್ಧ ಗಂಟೆ ಆಕಾಶದಿಂದ ಬಿದ್ದದ್ದಲ್ಲ. ಆ ಹೊತ್ತಿನಲ್ಲಿ ಮಗನಿಗೆ ಹಾಲು ಕಾಯಿಸುವವರು ಒಬ್ಬರಿರಬೇಕು, ಮಗಳ ಕೂದಲು ಹೆಣೆಯುವವರು ಒಬ್ಬರಿರಬೇಕು. ಮೊದಮೊದಲು ನಾನು ಯಾರಿಗೂ ಹೇಳದೆ ಕದ್ದ ಹಾಗೆ ಹೋಗಿಬರುತ್ತಿದ್ದೆ. ಮಗ ಎದ್ದು ಅತ್ತರೆ ಮನೆಯಲ್ಲಿ ಎಲ್ಲರಿಗೂ ಸಿಡಿಮಿಡಿ. ಅತ್ತೆ ಒಂದು ದಿನ, “ಮನೆ ಕೆಲಸ, ಸ್ಕೂಲು, ಇಷ್ಟು ಸಾಲದೇನಮ್ಮಾ ನಿಂಗೆ, ಇದು ಬೇರೆ ಯಾಕೆ?” ಎಂದರು. ನನಗೆ ಕಣ್ಣು ತುಂಬಿತು. ಆದರೆ ಅವರ ದನಿಯಲ್ಲಿ ಕೋಪ ಇರಲಿಲ್ಲ. ನಾನು ಸೊರಗುತ್ತಿದ್ದೇನೆ ಎಂಬ ಕಾಳಜಿಯೇ ಇತ್ತು. ನಾನು ಅವರಿಗೆ ಏನನ್ನೂ ಬಿಡಿಸಿ ಹೇಳಿರಲಿಲ್ಲ.

ಆ ಭಾನುವಾರ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಎಲ್ಲರನ್ನೂ ಕೂರಿಸಿಕೊಂಡೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಸಂಜೆ ಹೊತ್ತಿಗೆ ಮಕ್ಕಳ ಮೇಲೆ ರೇಗುತ್ತೇನೆ, ನಮ್ಮ ಅಮ್ಮನಿಗೆ ಐವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು, ನನಗೂ ಬರಬಹುದು ಎಂಬ ಭಯ ಇದೆ ಎಂದು ಹೇಳಿದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಲವತ್ತು ನಿಮಿಷ ಬೇಕು ಎಂದೆ. ನಮ್ಮನೆಯವರು ತುಸು ಹೊತ್ತು ಕ್ಯಾಲೆಂಡರ್ ನೋಡಿ, “ಸೆಕೆಂಡ್ ಶಿಫ್ಟ್‌ನಲ್ಲಿ ಬೆಳಗ್ಗೆ ನಾನು ನೋಡ್ಕೋತೀನಿ, ಫಸ್ಟ್ ಶಿಫ್ಟ್‌ನಲ್ಲಿ ಸಾಯಂಕಾಲ ನೋಡ್ಕೋತೀನಿ. ನೈಟ್‌ನಲ್ಲಿ ಮಾತ್ರ ನನ್ನ ಕೇಳಬೇಡ,” ಎಂದರು. ಅದಾದ ಮೇಲೆಯೇ ಆ ಮೂರು ಗಂಟು ಗಟ್ಟಿಯಾದದ್ದು. ಅತ್ತೆ ಏನೂ ಹೇಳಲಿಲ್ಲ. ಮರುದಿನ ಸಂಜೆ ನಾನು ಬರುವಷ್ಟರಲ್ಲಿ ಬಸ್ಸಾರಿಗೆ ಸೊಪ್ಪು ಬಿಡಿಸಿ, ಕಾಳು ಬೇಯಿಸಿಟ್ಟಿದ್ದರು.

ಕೊಡುವವರಿಗೆ ಮರಳಿ ಕೊಡಬೇಕು. ಶನಿವಾರ ಮಧ್ಯಾಹ್ನ ನಮ್ಮನೆಯವರ ನಿದ್ದೆ ಕೆಡದಂತೆ ಮಕ್ಕಳನ್ನು ನಾನು ಹೊರಗೆ ಕರೆದೊಯ್ಯುತ್ತೇನೆ. ತಿಂಗಳಿಗೊಮ್ಮೆ ಸೋಮವಾರ ಸಂಜೆ ಅತ್ತೆಯನ್ನು ಚಂದ್ರಚೂಡೇಶ್ವರನ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ, ಆ ದಿನ ಓಟ ಇಲ್ಲ. ಗಂಡನ ಮೇಲೆ ದೂರು ಹೇಳುವ ಗೆಳತಿಯರಿಗೆ ನಾನು ಹೇಳುವುದು ಇದನ್ನೇ: ಎಷ್ಟು ನಿಮಿಷ, ಯಾವ ದಿನ, ಆಗ ಯಾರು ಏನು ಮಾಡಬೇಕು ಎಂದು ನಿಖರವಾಗಿ ಕೇಳಿ. ‘ನನಗೂ ಸ್ವಲ್ಪ ಟೈಂ ಬೇಕು’ ಎಂದರೆ ಯಾರಿಗೂ ಏನು ಕೊಡಬೇಕೆಂದು ತಿಳಿಯುವುದಿಲ್ಲ.

5. ಶೂ ಕೊಳ್ಳುವ ಮೊದಲು ರಕ್ತ ಪರೀಕ್ಷೆ

ಎರಡನೇ ತಿಂಗಳಲ್ಲೂ ಸುಸ್ತು ಇಳಿಯದಿದ್ದಾಗ ಡಾಕ್ಟರು ಹಿಮೋಗ್ಲೋಬಿನ್ ಬರೆದುಕೊಟ್ಟರು. 9.4 ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದೆ. ನಮ್ಮ ಸ್ಟಾಫ್ ರೂಮಿನಲ್ಲಿ ಸುಸ್ತು ಎನ್ನದ ಟೀಚರ್ ಇಲ್ಲ. ಅದನ್ನು ನಾವು ವಯಸ್ಸು ಎಂದೋ ಕೆಲಸ ಎಂದೋ ಕರೆದುಕೊಂಡು ಸುಮ್ಮನಿದ್ದೆವು.

ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದೆ, ನಿಂಬೆಹಣ್ಣಿನ ನೀರಿನ ಜೊತೆ. ಊಟದ ಬೆನ್ನಿಗೇ ಟೀ ಕುಡಿಯುವುದನ್ನು ಬಿಟ್ಟೆ, ಟೀಯಲ್ಲಿನ ಒಗರು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಮುದ್ದೆ ಮನೆಯಲ್ಲಿ ಹೇಗೂ ಇತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಎಲುಬಿಗೆ ಒಳ್ಳೆಯದು. ಆದರೆ ರಕ್ತಹೀನತೆಗೆ ಮುದ್ದೆ ಒಂದೇ ಸಾಲದು. ಹುರುಳಿ, ಸೊಪ್ಪು, ವಾರಕ್ಕೆರಡು ಸಲ ಮೊಟ್ಟೆ ಸೇರಿಸಿದೆವು. ಹಿಮೋಗ್ಲೋಬಿನ್ 11.8 ಆದ ವಾರ ಅದೇ ರಸ್ತೆ, ಅದೇ ಏರು, ಮಗ್ಗಿ ಹದಿನಾರರವರೆಗೆ ಬಂತು.

6. ಹೆತ್ತ ಮೈಯ ವಿಷಯ ಮುಚ್ಚಿಡಬೇಡಿ

ಓಡುವಾಗ, ಕೆಮ್ಮಿದಾಗ, ಹಾರಿದಾಗ ಮೂತ್ರ ಒಂದೆರಡು ಹನಿ ಸೋರುವುದು ಹೆತ್ತ ಹೆಂಗಸರಲ್ಲಿ ತುಂಬ ಸಾಮಾನ್ಯ. ಇದನ್ನು ಬರೆಯಲು ನನಗೆ ಈಗಲೂ ಸಂಕೋಚವಾಗುತ್ತದೆ. ಆದರೆ ನನ್ನ ಪರಿಚಯದ ಮೂವರು ಇದೇ ಕಾರಣಕ್ಕೆ ಓಟ, ಸ್ಕಿಪ್ಪಿಂಗ್ ಎಲ್ಲ ಬಿಟ್ಟಿದ್ದಾರೆ, ಯಾರಿಗೂ ಕಾರಣ ಹೇಳಿಲ್ಲ. ಸಾಮಾನ್ಯ ಎಂದ ಮಾತ್ರಕ್ಕೆ ಸಹಿಸಿಕೊಳ್ಳಬೇಕಾದದ್ದಲ್ಲ. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶಗಳನ್ನು ಹೊತ್ತು ನಿಲ್ಲುವ ಸ್ನಾಯುಗಳಿವೆ. ಮೂತ್ರ ತಡೆಯುವಾಗ ಹೇಗೆ ಒಳಕ್ಕೆ ಎಳೆದುಕೊಳ್ಳುತ್ತೇವೋ ಹಾಗೆ ಅವನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ದಿನಾ ಮಾಡಿದರೆ ಕೆಲವು ತಿಂಗಳಲ್ಲಿ ಬಹಳ ಮಂದಿಗೆ ಗುಣ ಕಾಣುತ್ತದೆ. ನಾನು ಬಸ್ಸಿನಲ್ಲಿ ಕೂತು ಮಾಡುತ್ತೇನೆ. ಕಡಿಮೆಯಾಗದಿದ್ದರೆ, ಕೆಳಗೆ ಭಾರ ಜಗ್ಗಿದಂತಾದರೆ, ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು. ಬಾಣಂತಿಯರು ಹೆರಿಗೆಯಾಗಿ ಮೂರು ತಿಂಗಳಾಗುವ ಮೊದಲು ಓಟಕ್ಕೆ ಇಳಿಯುವುದು ಬೇಡ, ಡಾಕ್ಟರನ್ನು ಕೇಳಿ ನಡಿಗೆ ಸಾಕು.

7. ದೂರ ಎಷ್ಟು ಎನ್ನುವುದಕ್ಕಿಂತ ಜಾಗ ಯಾವುದು ಎನ್ನುವುದು ಮೊದಲು

ಹೊಸೂರು ಓಟಕ್ಕೆ ಒಳ್ಳೆಯ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಏಪ್ರಿಲ್‌ನಲ್ಲೂ ಬೆಳಗ್ಗೆ ಆರಕ್ಕೆ ಗಾಳಿ ತಂಪಾಗಿರುತ್ತದೆ. ಘಟ್ಟ ಇಳಿದು ಕೃಷ್ಣಗಿರಿಯ ನಾದಿನಿ ಮನೆಗೆ ಮಾವಿನ ಕಾಲದಲ್ಲಿ ಹೋದಾಗ ಅದೇ ಓಟ ಎರಡರಷ್ಟು ಕಷ್ಟವಾಗುತ್ತದೆ, ಅಲ್ಲಿ ನಾನು ವೇಗದ ಮಾತೇ ಎತ್ತುವುದಿಲ್ಲ. ಆದರೆ ಹೊಸೂರಿನಲ್ಲಿ ಹೆದರಬೇಕಾದದ್ದು ರಸ್ತೆಗೆ. ಬಾಗಲೂರು ರಸ್ತೆ, ತಳಿ ರಸ್ತೆ, ರಾಯಕೋಟೆ ರಸ್ತೆ, ಎಲ್ಲಿ ನೋಡಿದರೂ ಲಾರಿ, ಕಂಪನಿ ಬಸ್ಸು, ಶಿಫ್ಟ್ ಬಿಡುವ ಹೊತ್ತಿನ ಬೈಕುಗಳ ಸಾಲು. 89ನೇ ವಯಸ್ಸಿನಲ್ಲಿ ಮ್ಯಾರಥಾನ್ ಓಡಲು ಶುರುಮಾಡಿ, 2011ರಲ್ಲಿ ನೂರು ತುಂಬಿದವರೆಂದು ಟೊರಾಂಟೊದಲ್ಲಿ ಮ್ಯಾರಥಾನ್ ಮುಗಿಸಿದ ಫೌಜಾ ಸಿಂಗ್ 2025ರ ಜುಲೈನಲ್ಲಿ ಪಂಜಾಬಿನ ತಮ್ಮ ಊರಿನ ಹತ್ತಿರವೇ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಆ ಸುದ್ದಿ ಓದಿದ ದಿನ ನಮ್ಮನೆಯವರು ನನಗೊಂದು ಹೊಳೆಯುವ ಜಾಕೆಟ್ ತಂದುಕೊಟ್ಟರು, ಕಾರ್ಖಾನೆಯಲ್ಲಿ ಹಾಕಿಕೊಳ್ಳುವಂಥದ್ದು. ಎದುರು ಬರುವ ವಾಹನಕ್ಕೆ ಮುಖಮಾಡಿ, ರಸ್ತೆಯ ಬಲಗಡೆ ಓಡುತ್ತೇನೆ. ಕಿವಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ.

ಶಾಲೆಯ ಮೈದಾನ ಬಿಟ್ಟರೆ ನನ್ನ ಜಾಗ ಎರಡು. ವಾರದ ದಿನಗಳಲ್ಲಿ ರಾಮನಾಯಕನ ಕೆರೆ ಕಡೆ, ಅಲ್ಲಿ ನಡೆಯುವ ಹಿರಿಯರು, ಹೆಂಗಸರು ಇರುತ್ತಾರೆ, ಒಂಟಿ ಎನಿಸುವುದಿಲ್ಲ. ಭಾನುವಾರ ಮತ್ತಿಗಿರಿ ಕಡೆ. 1824ರಲ್ಲಿ ಸೈನ್ಯದ ಕುದುರೆಗಳಿಗೆಂದು ಶುರುವಾಗಿ ಆಮೇಲೆ ದನದ ಫಾರಂ ಆದ ಸರ್ಕಾರಿ ಜಾಗ ಅಲ್ಲಿದೆ. ಆ ಕಡೆಯ ಮರ, ಬಯಲು ನೋಡಿದರೆ ನನಗೆ ಇಪ್ಪತ್ತೈದು ವರ್ಷದ ಹಿಂದಿನ ಹೊಸೂರು ನೆನಪಾಗುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಡದೆ, ನಿಧಾನಕ್ಕೆ ನಡೆಯಿರಿ. ಕಚ್ಚಿದರೆ, ಬರೀ ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ತವರಿಗೆ ಹೋದಾಗ ನಿಯಮ ಬೇರೆ. ಡೆಂಕಣಿಕೋಟೆ, ಜವಳಗಿರಿ, ಸಾನಮಾವು ಸುತ್ತಿನ ಹಳ್ಳಿಗಳಲ್ಲಿ ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟ ಕಡೆಯ ಕಾಡಿನಿಂದ ಆನೆಗಳು ಬರುತ್ತವೆ. ರಾತ್ರಿ ಹೊಲದಲ್ಲಿದ್ದು ಬೆಳಗಿನ ಜಾವ ಕಾಡಿಗೆ ಮರಳುತ್ತವೆ, ಅಂದರೆ ಓಡುವವರು ಹೊರಡುವ ಹೊತ್ತಿಗೇ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಾನು ಮಂಜಿನಲ್ಲಿ ಶೂ ಕಟ್ಟುತ್ತಿದ್ದಾಗ ಅಪ್ಪ ಕಂಬಳಿ ಹೊದ್ದು ಬಂದು ಕೈಹಿಡಿದು ಹೊಲದ ಅಂಚಿಗೆ ಕರೆದೊಯ್ದರು. ಒದ್ದೆ ಮಣ್ಣಿನಲ್ಲಿ ಮೊರದಗಲದ ಹೆಜ್ಜೆ, ಅದರೊಳಗೆ ಆಗತಾನೆ ನೀರು ಜಿನುಗುತ್ತಿತ್ತು. “ಈಗ ತಾನೇ ಹೋಗವೆ. ಬಿಸಿಲು ಬೀಳಲಿ, ಆಮೇಲೆ ಹೋಗು ಮಗಾ,” ಎಂದರು. ಅಂದಿನಿಂದ ಅಲ್ಲಿ ಎಂಟು ಗಂಟೆಗೆ ಮೊದಲು ಹೊಸಿಲು ದಾಟುವುದಿಲ್ಲ.

2023ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ 38 ಜಿಲ್ಲೆಗಳಲ್ಲೂ ಎಂಟು ಕಿಲೋಮೀಟರಿನ ನಡಿಗೆ ಹಾದಿ ಗುರುತಿಸುವ ‘ನಡಪ್ಪೋಂ ನಲಂ ಪೆರುವೋಂ’ ಯೋಜನೆ ಶುರುಮಾಡಿತು. ಆಗ ಆರೋಗ್ಯ ಸಚಿವರಾಗಿದ್ದ ಮಾ. ಸುಬ್ರಮಣಿಯನ್ ಸ್ವತಃ ನೂರಕ್ಕೂ ಹೆಚ್ಚು ಹಾಫ್ ಮ್ಯಾರಥಾನ್ ಓಡಿದವರು. ಯೋಜನೆ ಒಳ್ಳೆಯದು. ಆದರೆ ಮಕ್ಕಳಿರುವ ಹೆಂಗಸಿಗೆ ಜಿಲ್ಲೆಗೊಂದು ಎಂಟು ಕಿಲೋಮೀಟರಿಗಿಂತ ವಾರ್ಡಿಗೊಂದು ಅರ್ಧ ಕಿಲೋಮೀಟರಿನ ದೀಪವಿರುವ ಹಾದಿ ಹೆಚ್ಚು ಉಪಯೋಗ ಎಂಬುದು ನನ್ನ ಅನಿಸಿಕೆ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರೆ ಅವಳು ಓಡುತ್ತಾಳೆ.

8. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೆ 75ರಿಂದ 150 ನಿಮಿಷ ಜೋರಾದದ್ದು, ಅದರ ಜೊತೆಗೆ ವಾರಕ್ಕೆರಡು ದಿನ ಮಾಂಸಖಂಡ ಬಲಪಡಿಸುವ ಕೆಲಸ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ. ನನ್ನ ಕಣಕಾಲು ಮತ್ತೆ ನೋಯದಿರಲು ಆಮೇಲೆ ಅದನ್ನು ಹಿಡಿದದ್ದೇ ಕಾರಣ ಎಂದು ಈಗ ಅನಿಸುತ್ತದೆ.

ಕುಕ್ಕರ್ ಇಟ್ಟು ಮೂರು ಕೂಗು ಬರುವಷ್ಟರಲ್ಲಿ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೊಂದೇ ಕಾಲಲ್ಲಿ. ಇದು ಮೀನಖಂಡಕ್ಕೆ. ದೋಸೆ ಕಾವಲಿ ಕಾಯುವಷ್ಟರಲ್ಲಿ ಹದಿನೈದು ಸಲ ಕೂತು ಏಳುವುದು. ಮಂಗಳವಾರ, ಶುಕ್ರವಾರ ರಾತ್ರಿ ಮಕ್ಕಳ ಜೊತೆ ನೆಲದ ಮೇಲೆ ಹತ್ತು ನಿಮಿಷ ಹೊಟ್ಟೆ, ಸೊಂಟದ ವ್ಯಾಯಾಮ. ಶಾಲೆಗೆ ಒಂದು ಸ್ಟಾಪ್ ಮೊದಲೇ ಬಸ್ಸು ಇಳಿದು ನಡೆಯುತ್ತೇನೆ.

ನಮ್ಮ ಅಮ್ಮ ಕೇಳಿದರು: “ನಾವು ಹೊಲ ಗೇದೋರು, ಸೌದೆ ಹೊತ್ತೋರು, ಯಾವ ಎಕ್ಸಸೈಜು ಮಾಡಿದ್ವಿ?” ನಿಜ. ಆದರೆ ಅಮ್ಮನಿಗೆ ಈಗ ಅರವತ್ತೈದಕ್ಕೆ ಎರಡೂ ಮಂಡಿ ಬಾಗುವುದಿಲ್ಲ. ಅವರ ಮೈ ದುಡಿಯಿತು, ಬಿಡುವು ಪಡೆಯಲಿಲ್ಲ, ಹೊಟ್ಟೆ ತುಂಬ ಉಣ್ಣಲಿಲ್ಲ. ವ್ಯಾಯಾಮದಲ್ಲಿ ಎಷ್ಟು ಭಾರ, ಎಷ್ಟು ಬಿಡುವು ಎಂಬುದು ನಮ್ಮ ಕೈಲಿರುತ್ತದೆ. ಅಮ್ಮನ ಕೈಯಲ್ಲಿ ಅದು ಯಾವತ್ತೂ ಇರಲಿಲ್ಲ.

9. ಬಟ್ಟೆ

ಚೂಡಿದಾರ್, ಪಿನ್ ಹಾಕಿದ ದುಪಟ್ಟಾ, ಮಗಳ ಸ್ಕೂಲ್ ಕ್ಯಾನ್ವಾಸ್ ಶೂ. ಹೀಗೇ ಶುರುಮಾಡಿದೆ, ತಪ್ಪೇನಿಲ್ಲ. ಹಣ ಹಾಕುವುದಾದರೆ ಮೊದಲು ಬಿಗಿಯಾಗಿ ಹಿಡಿಯುವ ಒಳ್ಳೆಯ ಸ್ಪೋರ್ಟ್ಸ್ ಬ್ರಾಗೆ ಹಾಕಿ, ಆಮೇಲೆ ಶೂಗೆ. ಶೂ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಸಡಿಲ ಇರಲಿ. ಐನೂರು ಅರುನೂರು ಕಿಲೋಮೀಟರ್ ಆದ ಮೇಲೆ ತಳ ಸವೆದಿದೆಯೇ ನೋಡಿ.

10. ಮಕ್ಕಳನ್ನು ಓಟದೊಳಕ್ಕೆ ಕರೆದುಕೊಳ್ಳಿ, ಎಳೆಯಬೇಡಿ

ಮಗಳು ಮೊದಲ ವರ್ಷ ಟೈಂ ಕೀಪರ್. ಫೋನು ಹಿಡಿದು ಮೈದಾನದ ಕಲ್ಲಿನ ಮೇಲೆ ಕೂತು “ಅಮ್ಮಾ, ನಡಿ!” “ಅಮ್ಮಾ, ಓಡು!” ಎಂದು ಕೂಗುತ್ತಿದ್ದಳು. ಅವಳಿಗೆ ನಾನು ಒಂದು ಸಲವೂ ಓಡು ಎನ್ನಲಿಲ್ಲ. ಕಳೆದ ವರ್ಷ ತಾನೇ ಬಂದಳು. ಅವಳಿಗೆ ಹದಿಮೂರು, ಮುಟ್ಟು ಶುರುವಾಗಿದೆ. ಆ ವಯಸ್ಸಿಗೇ ನನ್ನ ಜೊತೆ ಓಡುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮೈದಾನ ಬಿಟ್ಟರು. ಇವಳು ಆ ದಿನಗಳಲ್ಲಿ ಓಡಬೇಕೆನಿಸಿದರೆ ಓಡುತ್ತಾಳೆ, ಬೇಡವೆನಿಸಿದರೆ ಕಲ್ಲಿನ ಮೇಲೆ ಕೂತು ನನ್ನ ಟೈಂ ನೋಡುತ್ತಾಳೆ. ಮಗನದು ಸೈಕಲ್ಲು. ಅವನು ಮುಂದೆ ಹೋಗಿ ನಿಂತು, ನಾನು ತಲುಪುವಷ್ಟರಲ್ಲಿ ಮತ್ತೆ ಹೊರಡುತ್ತಾನೆ.

11. ತಪ್ಪಿದ ವಾರದ ನಂತರ ಅರ್ಧದಿಂದ ಶುರು

ಮಾರ್ಚ್‌ನಲ್ಲಿ ಪಬ್ಲಿಕ್ ಪರೀಕ್ಷೆ ಡ್ಯೂಟಿ, ಅಕ್ಟೋಬರಿನ ಮಳೆ, ಮಗನ ಜ್ವರ, ಕಂಪನಿಯಲ್ಲಿ ಓವರ್‌ಟೈಮ್. ಓಟ ತಪ್ಪುವುದಕ್ಕೆ ವರ್ಷವಿಡೀ ಕಾರಣಗಳಿರುತ್ತವೆ. ಆ ಲಂಡನ್ನಿನ ಅಧ್ಯಯನದಲ್ಲೇ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ ಎಂದು ಕಂಡುಬಂತು. ಹಾಗಾಗಿ ತಪ್ಪಿದ್ದನ್ನು ತುಂಬಿಸಲು ಮರುದಿನ ಎರಡರಷ್ಟು ಓಡುವುದು ಬೇಡ. ಒಂದು ವಾರ ಬಿಟ್ಟರೆ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದ. ಮೂರು ವಾರ ಬಿಟ್ಟರೆ ಅದರ ಅರ್ಧದಿಂದ. ಜ್ವರ ಬಂದು ಹೋದರೆ, ಜ್ವರ ಪೂರ್ತಿ ಬಿಟ್ಟು ಊಟ ರುಚಿಸುವವರೆಗೆ ಬರೀ ನಡಿಗೆ. ಎದೆ ನೋವು, ತಲೆ ಸುತ್ತು, ಲೆಕ್ಕ ತಪ್ಪಿದಂತೆ ಎದೆ ಬಡಿತ ಇದ್ದರೆ ಅಂದೇ ಡಾಕ್ಟರ ಹತ್ತಿರ.

ಕಳೆದ ವರ್ಷ ಚಿಕ್ಕಪ್ಪ ತೀರಿಕೊಂಡಾಗ ಐದು ವಾರ ನಾನು ಶೂ ಮುಟ್ಟಲಿಲ್ಲ. ಆ ಐದು ವಾರವೂ ಮಗಳು ಕ್ಯಾಲೆಂಡರಿನಲ್ಲಿ ನನ್ನ ಓಟ ಗುರುತಿಸುವ ಚೌಕಗಳನ್ನು ಖಾಲಿ ಬಿಟ್ಟಿದ್ದಳು, ಏನೂ ಕೇಳಲಿಲ್ಲ. ಆರನೇ ವಾರ ಒಂದು ಸಂಜೆ ಮನೆಗೆ ಬಂದು ಚೀಲ ಇಟ್ಟೆ. ಅತ್ತೆ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, “ಇವತ್ತು ಫಸ್ಟ್ ಶಿಫ್ಟು ತಾನೇ? ಕೂತ್ಕೋಬೇಡ, ಹೋಗಿ ಬಾ,” ಎಂದರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸುತ್ತು. ಮಗ್ಗಿ ಹದಿಮೂರರಲ್ಲೇ ನಿಂತಿತು.

ನಾಳೆ ಸೋಮವಾರ, ಕ್ಯಾಲೆಂಡರಿನಲ್ಲಿ 3 ಇದೆ. ಶೂ ಈಗಾಗಲೇ ಶಾಲೆಯ ಚೀಲದಲ್ಲಿ, ತಿದ್ದಬೇಕಾದ ಕಾಪಿ ಪುಸ್ತಕಗಳ ಕೆಳಗೆ.